ಸೆಲ್ಫ್ ಹೊಡೆದರೆ ಕರಕರ ಸದ್ದು: ಬೆಂಡಿಕ್ಸ್ ಬದಲಿಸುವ ಮೊದಲು ರಿಂಗ್ ನೋಡಿ

ಪ್ರಶ್ನೆ: ಸರ್, ನಮ್ಮದು ಹಿರಿಯೂರು. ಇರೋದು ಒಂದೇ ಲಾರಿ, ನಾನೇ ಓನರ್, ನಾನೇ ಡ್ರೈವರ್. ಹತ್ತು ಚಕ್ರದ ಗಾಡಿ, ಆರು ಸಿಲಿಂಡರ್, 2011ರ ಮಾಡೆಲ್. ಕೀ ತಿರುಗಿಸಿದರೆ ಒಂದೊಂದು ಸಲ ಕಬ್ಬಿಣ ಉಜ್ಜಿದ ಹಾಗೆ ಕರ್ರ್ ಅಂತ ಸದ್ದು ಬರುತ್ತೆ. ಮೂರು ನಾಲ್ಕು ಸಲ ಹೊಡೆದ ಮೇಲೆ ಹಿಡಿದುಕೊಂಡು ಸ್ಟಾರ್ಟ್ ಆಗುತ್ತೆ. ಇನ್ನೊಂದು ದಿನ ಏನೂ ತೊಂದರೆ ಇಲ್ಲ. ಆರು ತಿಂಗಳ ಹಿಂದೆ ಇದೇ ಸದ್ದಿಗೆ ಎಂಜಿನ್ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟಾರ್ ಇಳಿಸಿ, ಅದರ ತುದಿಯ ಗೇರ್ ಇರೋ ಬೆಂಡಿಕ್ಸ್ ಹೊಸದು ಹಾಕಿಸಿದ್ದೆ. ಈಗ ಮತ್ತೆ ಶುರುವಾಗಿದೆ. ಒಬ್ಬ ಮೆಕ್ಯಾನಿಕ್ ಸೆಲ್ಫೇ ಹೊಸದು ಹಾಕಿ ಅಂತಾರೆ. ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ. ಯಾರ ಮಾತು ಕೇಳಲಿ? ಸದ್ಯಕ್ಕೆ ಇಳಿಜಾರು ನೋಡಿ ಗಾಡಿ ನಿಲ್ಲಿಸ್ತಾ ಇದೀನಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಮಾತು ನನಗೆ ತುಂಬಾ ಮುಖ್ಯ ಅನ್ನಿಸಿದವು. ಸದ್ದು ಒಂದೊಂದು ಸಲ ಮಾತ್ರ ಬರುತ್ತೆ. ಮೂರು ನಾಲ್ಕು ಸಲ ಹೊಡೆದರೆ ಹಿಡಿಯುತ್ತೆ. ಹೊಸ ಬೆಂಡಿಕ್ಸ್ ಆರೇ ತಿಂಗಳಿಗೆ ಹೋಯಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅನುಮಾನ ಮೊದಲು ಹೋಗೋದು ಫ್ಲೈವೀಲ್ ರಿಂಗಿನ ಕಡೆಗೆ, ಅಂದರೆ ಎಂಜಿನ್ ಹಿಂದಿನ ಭಾರದ ಚಕ್ರದ ಸುತ್ತ ಇರುವ ಹಲ್ಲಿನ ಬಳೆಯ ಕಡೆಗೆ. ಹಾಗಂತ ಇವತ್ತೇ ಗೇರ್‌ಬಾಕ್ಸ್ ಇಳಿಸಿ ಅಂತ ಹೇಳುವುದಿಲ್ಲ. ಏನನ್ನೂ ಇಳಿಸದೆ ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಬಹುದು.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಇದು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಯಾರು ಏನು ಹೇಳಿದರೂ ನೀವೇ ತೂಗಿ ನೋಡಬಹುದು.

ಕೀ ತಿರುಗಿಸಿದ ತಕ್ಷಣ ಸೆಲ್ಫ್ ಮೋಟಾರ್ ಪೂರ್ತಿ ಜೋರಿನಲ್ಲಿ ತಿರುಗುವುದಿಲ್ಲ. ಮೊದಲು ಅದರ ಮೈಮೇಲಿರುವ ಸೊಲೆನಾಯ್ಡ್ (ಕರೆಂಟ್ ಬಂದಾಗ ಅಯಸ್ಕಾಂತದಂತೆ ಎಳೆಯುವ ಸ್ವಿಚ್) ಒಂದು ಫೋರ್ಕನ್ನು ಎಳೆಯುತ್ತದೆ. ಫೋರ್ಕ್ ಬೆಂಡಿಕ್ಸನ್ನು ಮುಂದಕ್ಕೆ ತಳ್ಳುತ್ತದೆ. ಬೆಂಡಿಕ್ಸಿನ ತುದಿಯ ಪಿನಿಯನ್, ಅಂದರೆ ಸಣ್ಣ ಹಲ್ಲಿನ ಚಕ್ರ, ಹೋಗಿ ರಿಂಗಿನ ಹಲ್ಲುಗಳ ನಡುವೆ ಕೂರುತ್ತದೆ. ಅದು ಒಳಗೆ ಹೋದ ಮೇಲೆ ಸೊಲೆನಾಯ್ಡ್ ಒಳಗಿನ ದಪ್ಪ ತಾಮ್ರದ ಕಾಂಟ್ಯಾಕ್ಟ್ ಕೂಡಿ, ಬ್ಯಾಟರಿಯ ಪೂರ್ತಿ ಕರೆಂಟ್ ಮೋಟಾರಿಗೆ ಹರಿಯುತ್ತದೆ. ಮೊದಲು ಹಲ್ಲು ಕೂರಬೇಕು, ಆಮೇಲೆ ಜೋರು ಬರಬೇಕು. ಹಲ್ಲು ಸರಿಯಾಗಿ ಕೂರುವ ಮೊದಲೇ ಜೋರು ಬಂದರೆ, ಅಥವಾ ಕೂತ ಹಲ್ಲು ಜಾರಿ ಹೊರಗೆ ಬಂದರೆ, ನೀವು ಹೇಳುವ ಕರ್ರ್ ಸದ್ದು ಬರುತ್ತದೆ.

ಇನ್ನು ಬೆಂಡಿಕ್ಸ್ ಒಳಗೆ ಒಂದೇ ಕಡೆ ಹಿಡಿಯುವ ಕ್ಲಚ್ ಇದೆ. ಪಿನಿಯನ್‌ಗೆ ಹತ್ತು ಹಲ್ಲು, ರಿಂಗಿಗೆ ನೂರಮೂವತ್ತು ಹಲ್ಲು ಅಂತ ಇಟ್ಟುಕೊಳ್ಳಿ. ಎಂಜಿನ್ ಹಿಡಿದು 700 ಆರ್‌ಪಿಎಮ್‌ಗೆ ಬಂದರೆ ಪಿನಿಯನ್ 9,000ದ ಮೇಲೆ ತಿರುಗುತ್ತದೆ. ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಕೂಡ ಅಷ್ಟು ವೇಗದಲ್ಲಿ ತಿರುಗಿದರೆ ಅದರ ತಂತಿ ಕಿತ್ತು ಹೊರಗೆ ಬರುತ್ತದೆ. ಹಾಗೆ ಆಗದಂತೆ ಪಿನಿಯನ್ನನ್ನು ಸಡಿಲ ಬಿಡುವುದು ಆ ಕ್ಲಚ್ಚಿನ ಕೆಲಸ. (ಬೆಂಡಿಕ್ಸ್ ಅನ್ನೋದು ಅಮೆರಿಕದ ವಿನ್ಸೆಂಟ್ ಬೆಂಡಿಕ್ಸ್ ಅವರ ಹೆಸರು. ಅವರು ಮಾಡಿದ ಹಳೆಯ ಕಾಲದ ವ್ಯವಸ್ಥೆ ಈಗಿನ ಲಾರಿಗಳಲ್ಲಿ ಇಲ್ಲ, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ. ಅಂಗಡಿಯಲ್ಲಿ ನೀವೂ ಬೆಂಡಿಕ್ಸ್ ಅಂತಲೇ ಕೇಳಿ.)

ಈಗ ಸದ್ದಿನ ವಿಷಯ. ಅದು ಯಾವಾಗ ಬರುತ್ತೆ ಅನ್ನೋದನ್ನು ಕಿವಿಗೊಟ್ಟು ಕೇಳಿ. ಮೋಟಾರ್ ಜೊಯ್ ಅಂತ ಸುಮ್ನೆ ಸುತ್ತುತ್ತದೆ, ಎಂಜಿನ್ ಅಲ್ಲಾಡುವುದೇ ಇಲ್ಲ, ಉಜ್ಜುವ ಸದ್ದೂ ಇಲ್ಲ ಅಂದರೆ ಬೆಂಡಿಕ್ಸಿನ ಕ್ಲಚ್ ಜಾರುತ್ತಿದೆ. ಟಕಟಕಟಕ ಅಂತ ಹೊಡೆದುಕೊಂಡರೆ ಬ್ಯಾಟರಿ ಅಥವಾ ಕೇಬಲ್ ಕಡೆ ನೋಡಿ. ಎಂಜಿನ್ ಹಿಡಿದು, ಕೀ ಬಿಟ್ಟ ಮೇಲೂ ಕೀರಲು ಸದ್ದು ಉಳಿದರೆ ಪಿನಿಯನ್ ಹಿಂದಕ್ಕೆ ಬರುತ್ತಿಲ್ಲ. ಇದು ಅಪಾಯದ್ದು, ತಕ್ಷಣ ಎಂಜಿನ್ ನಿಲ್ಲಿಸಿ. ಎಂಜಿನ್ ನಿಂತ ಮೇಲೂ ಸೆಲ್ಫ್ ತಿರುಗುತ್ತಲೇ ಇದ್ದರೆ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಬೆಸೆದು ಹೋಗಿದೆ, ಓಡಿಹೋಗಿ ಬ್ಯಾಟರಿ ಕಟ್ ಮಾಡಿ. ನಿಮ್ಮದು ಇವು ಯಾವುವೂ ಅಲ್ಲ. ನಿಮ್ಮ ಸದ್ದು ಹೊಡೆದ ತಕ್ಷಣ ಬರುತ್ತೆ, ಎಂಜಿನ್ ಇನ್ನೂ ತಿರುಗಿರೋದಿಲ್ಲ. ಅಂದರೆ ಹಲ್ಲು ಹಲ್ಲಿಗೆ ಕೂರುತ್ತಿಲ್ಲ.

ಒಂದೊಂದು ಸಲ ಮಾತ್ರ ಯಾಕೆ? ಎಂಜಿನ್ ಆಫ್ ಮಾಡಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದೋ ಒಂದು ಪಿಸ್ಟನ್ ಮೇಲಕ್ಕೆ ಬರುತ್ತಾ ಕಂಪ್ರೆಷನ್‌ಗೆ ಸಿಕ್ಕಿ, ದಾಟಲಾರದೆ ನಿಲ್ಲುತ್ತದೆ. ಆರು ಸಿಲಿಂಡರಿನಲ್ಲಿ ಒಂದು ಸುತ್ತಿಗೆ ಇಂಥ ಜಾಗ ಮೂರು, 120 ಡಿಗ್ರಿಗೆ ಒಂದರಂತೆ. ನಾಲ್ಕು ಸಿಲಿಂಡರ್ ಆದರೆ ಎರಡು. ಹಾಗಾಗಿ ವರ್ಷಗಟ್ಟಲೆ ಪಿನಿಯನ್ ಬಂದು ಹೊಡೆಯೋದು ರಿಂಗಿನ ಅದೇ ಮೂರು ಜಾಗಕ್ಕೆ. ಅಲ್ಲಿನ ಹಲ್ಲುಗಳು ತಿಂದು ಹೋಗುತ್ತವೆ, ಉಳಿದ ಹಲ್ಲು ಹೊಸದರಂತೆ ಇರುತ್ತವೆ. ಮೂರರಲ್ಲಿ ಒಂದು ಕಡೆ ಜಾಸ್ತಿ ಸವೆದಿದ್ದರೆ, ಅಲ್ಲಿ ನಿಂತ ದಿನ ಸದ್ದು, ಬೇರೆ ಕಡೆ ನಿಂತ ದಿನ ಏನೂ ಇಲ್ಲ. ಮೂರು ನಾಲ್ಕು ಸಲ ಹೊಡೆದಾಗ ಆಗೋದೂ ಅದೇ. ಪ್ರತಿ ಹೊಡೆತಕ್ಕೂ ರಿಂಗ್ ಒಂದು ಚೂರು ಸರಿಯುತ್ತದೆ, ಕೊನೆಗೆ ಒಳ್ಳೆಯ ಹಲ್ಲು ಸಿಕ್ಕಿ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ನಿಮ್ಮ ಹೊಸ ಬೆಂಡಿಕ್ಸಿನ ಹಲ್ಲು ಇನ್ನಷ್ಟು ಹಾಳಾಗಿರುತ್ತದೆ.

ಈಗ ಆ ಪರೀಕ್ಷೆ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಸದ್ದು ಬಂದಾಗ ಮತ್ತೆ ಮತ್ತೆ ಹೊಡೆಯಬೇಡಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿಯ ಅರ್ತ್ (ಮೈನಸ್) ಕೇಬಲ್ ಕಳಚಿ. ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿಯ ಮೇಲೊಂದು, ಅದರ ಎದುರು ಬಾಡಿಯ ಮೇಲೊಂದು ಚಾಕ್ ಗೆರೆ ಎಳೆಯಿರಿ. ಪುಲ್ಲಿ ಬೋಲ್ಟಿಗೆ ಸಾಕೆಟ್ ಮತ್ತು ಉದ್ದನೆಯ ಹಿಡಿ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನಕ್ಕೆ ಒಂದು ಸುತ್ತಿನ ಆರನೇ ಒಂದು ಭಾಗ ತಿರುಗಿಸಿ. ಅಂದರೆ 60 ಡಿಗ್ರಿ, ಎರಡು ಸವೆದ ಜಾಗಗಳ ನಟ್ಟನಡುವೆ. ಹಿಡಿ, ಸಾಕೆಟ್ ತೆಗೆದು ಪಕ್ಕಕ್ಕಿಟ್ಟಿದ್ದೇನೆ ಅಂತ ಎರಡು ಸಲ ನೋಡಿಕೊಳ್ಳಿ. ಅರ್ತ್ ಸೇರಿಸಿ, ಕ್ಯಾಬಿನ್ನಿನಲ್ಲಿ ಕೂತು ಸೆಲ್ಫ್ ಹೊಡೆಯಿರಿ. ಸದ್ದಿಲ್ಲದೆ ಹಿಡಿದರೆ ರಿಂಗ್ ಸವೆದಿದೆ. ಅಲ್ಲೂ ಕರ್ರ್ ಅಂದರೆ ತಪ್ಪು ಸೆಲ್ಫಿನಲ್ಲಿ, ಅದರ ಬೋಲ್ಟಿನಲ್ಲಿ, ಇಲ್ಲವೇ ಬ್ಯಾಟರಿಯಲ್ಲಿದೆ. ಒಂದೇ ಸಲಕ್ಕೆ ತೀರ್ಮಾನ ಮಾಡಬೇಡಿ, ಎರಡು ಮೂರು ದಿನ ಹೀಗೆ ನೋಡಿ.

ಇದರ ಜೊತೆಗೆ ಬ್ಯಾಟರಿಯನ್ನೂ ಅಳೆದು ಬಿಡಿ, ಮಲ್ಟಿಮೀಟರ್ ಇದ್ದರೆ ಐದು ನಿಮಿಷದ ಕೆಲಸ. ನಿಮ್ಮದು 24 ವೋಲ್ಟ್, ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿವೆ. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ ಒಂದೊಂದನ್ನೂ ಬೇರೆ ಬೇರೆ ಅಳೆಯಿರಿ. ಪೂರ್ತಿ ಚಾರ್ಜ್ ಇದ್ದರೆ ಒಂದೊಂದು 12.6ರ ಆಸುಪಾಸು ತೋರಿಸಬೇಕು. ಒಂದು 12.6, ಇನ್ನೊಂದು 12.1 ಬಂದರೆ ಎರಡನೆಯದು ಅರ್ಧಕ್ಕಿಳಿದಿದೆ ಅಂತ ಅರ್ಥ. ನಮ್ಮ ಲಾರಿಗಳಲ್ಲಿ ಇದು ಜಾಸ್ತಿ. ಹಾಡು ಕೇಳೋ ಸೆಟ್ಟಿಗೆ, ಮೊಬೈಲ್ ಚಾರ್ಜಿಗೆ 12 ವೋಲ್ಟ್ ಬೇಕು ಅಂತ ಒಂದೇ ಬ್ಯಾಟರಿಯಿಂದ ವೈರ್ ಎಳೆದಿರುತ್ತಾರೆ. ಆ ಬ್ಯಾಟರಿ ದಿನಾ ಸೊರಗುತ್ತದೆ, ಇನ್ನೊಂದಕ್ಕೆ ಚಾರ್ಜ್ ಹೆಚ್ಚಾಗಿ ನೀರು ಕುದಿಯುತ್ತದೆ. ನಿಮ್ಮ ಗಾಡಿಯಲ್ಲಿ ಹಾಗಿದ್ದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಸೆಲ್ಫ್ ಹೊಡೆಯುವಾಗ ಎರಡೂ ಸೇರಿ 19 ವೋಲ್ಟಿಗಿಂತ ಕೆಳಗೆ ಬೀಳಬಾರದು. ಬಿದ್ದರೆ ಸೊಲೆನಾಯ್ಡಿಗೆ ಹಿಡಿದುಕೊಳ್ಳಲು ಶಕ್ತಿ ಸಾಲದೆ ಪಿನಿಯನ್ ಒಳಗೆ ಹೋಗಿ ಹೊರಗೆ ಬಂದು ಹಲ್ಲು ಕಡಿಯುತ್ತದೆ.

ಅರ್ತ್ ಬಗ್ಗೆ ಒಂದು ಅನುಭವ ಹೇಳಲೇಬೇಕು. ನನ್ನ ಶೆಡ್ಡಿಗೆ ಒಂದು ಲಾರಿ ಎರಡು ಸಲ ಬಂತು. ಎರಡು ಸಲವೂ ಸೆಲ್ಫ್ ಬಿಚ್ಚಿ, ಟೇಬಲ್ ಮೇಲೆ ಓಡಿಸಿ, ಚೆನ್ನಾಗಿದೆ ಅಂತ ಕಳಿಸಿದೆ. ಮೂರನೇ ಸಲ ಬಂದಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಸೆಲ್ಫಿನ ಮೈಮೇಲೆ ಇಟ್ಟು ಹೊಡೆಸಿದೆ. ಎರಡೂವರೆ ವೋಲ್ಟ್ ತೋರಿಸಿತು. ಅರ್ಧ ವೋಲ್ಟ್ ದಾಟಬಾರದು ಅಲ್ಲಿ. ಚಾಸಿಯಿಂದ ಎಂಜಿನ್ನಿಗೆ ಹೋಗುವ ಹೆಣೆದ ಪಟ್ಟಿ ತುಕ್ಕು ಹಿಡಿದು ಎರಡು ಮೂರು ಎಳೆಯ ಮೇಲೆ ನಿಂತಿತ್ತು. ಆ ಮಾಲೀಕ ಎರಡು ಟ್ರಿಪ್ ಕಳೆದುಕೊಂಡಿದ್ದ. ಅವತ್ತಿನಿಂದ ಯಾವ ಸೆಲ್ಫನ್ನೂ ಈ ಅಳತೆ ಮಾಡದೆ ನಾನು ಇಳಿಸಿಲ್ಲ. ನೀವೂ ಮಾಡಿ. ಪ್ಲಸ್ ಕಡೆಯೂ ಹಾಗೇ: ಬ್ಯಾಟರಿ ಪ್ಲಸ್‌ನಿಂದ ಸೆಲ್ಫಿನ ದಪ್ಪ ಕೇಬಲಿನ ಬೋಲ್ಟಿಗೆ ಇಟ್ಟು ಹೊಡೆಸಿದರೆ ಅರ್ಧ ವೋಲ್ಟಿನ ಒಳಗಿರಬೇಕು.

ಇಷ್ಟಾದ ಮೇಲೆ ಸೆಲ್ಫ್ ಇಳಿಸಿ. ಮೊದಲು ಅರ್ತ್ ಕಳಚಲೇಬೇಕು, ಯಾಕಂದರೆ ಆ ದಪ್ಪ ಕೇಬಲ್‌ಗೆ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ಚಾಸಿಗೆ ತಾಗಿದರೆ ಅಲ್ಲೇ ಬೆಸೆದುಕೊಳ್ಳುತ್ತದೆ, ಕೈ ಸುಡುತ್ತದೆ. ಬೋಲ್ಟ್ ಬಿಚ್ಚುವಾಗ ಅವು ಬಿಗಿಯಾಗಿದ್ದವಾ, ಸಡಿಲವಾಗಿದ್ದವಾ ಅಂತ ಗಮನಿಸಿ. ಸಡಿಲ ಬೋಲ್ಟ್ ಒಂದೇ ಸಾಕು, ಸೆಲ್ಫ್ ವಾಲಿ ಹಲ್ಲು ತಿನ್ನೋದಕ್ಕೆ. ಕೊನೆಯ ಬೋಲ್ಟ್ ಬಿಚ್ಚುವಾಗ ಕೆಳಗೆ ಇನ್ನೊಬ್ಬರು ಹಿಡಿದಿರಲಿ. ಲಾರಿ ಸೆಲ್ಫ್ ಹತ್ತು ಕೆಜಿಗೂ ಜಾಸ್ತಿ ತೂಗುತ್ತದೆ, ಮುಖದ ಮೇಲೆ ಬೀಳುವಂತೆ ಮಲಗಿ ಬಿಚ್ಚಬೇಡಿ.

ಸೆಲ್ಫ್ ಹೊರಗೆ ಬಂದ ತೂತಿನಲ್ಲಿ ಟಾರ್ಚ್ ಬಿಟ್ಟು ರಿಂಗ್ ನೋಡಿ. ಇಲ್ಲೇ ಹೆಚ್ಚಿನವರು ತಪ್ಪು ಮಾಡೋದು. ಕಣ್ಣಿಗೆ ಕಾಣುವ ನಾಲ್ಕು ಹಲ್ಲು ನೋಡಿ "ರಿಂಗ್ ಸರಿಯಾಗಿದೆ" ಅಂದುಬಿಡುತ್ತಾರೆ. ಹೋದ ಸಲ ನಿಮ್ಮ ಗಾಡಿಗೂ ಹೀಗೇ ಆಗಿರಬಹುದು. ಒಬ್ಬರು ಪುಲ್ಲಿ ತಿರುಗಿಸಲಿ, ನೀವು ಒಂದು ಹಲ್ಲಿನ ಮೇಲೆ ಚಾಕ್ ಹಚ್ಚಿ, ಆ ಚಾಕ್ ಮತ್ತೆ ಬರುವ ತನಕ ಪೂರ್ತಿ ಸುತ್ತು ನೋಡಿ. ಸೆಲ್ಫ್ ಕಡೆಯ ಅಂಚು ನುಣುಪಾಗಿ ಹೊಳೆಯುತ್ತಿದ್ದರೆ ಚಿಂತೆ ಇಲ್ಲ. ಅಂಚು ಮಡಚಿ ಅಣಬೆಯ ತಲೆಯಂತೆ ಉಬ್ಬಿದ್ದರೆ, ಹಲ್ಲಿನ ಉದ್ದ ತಿಂದು ಮೊಂಡಾಗಿದ್ದರೆ, ತುದಿ ಮುರಿದಿದ್ದರೆ ಅದೇ ರೋಗ. ನಾನು ಇಟ್ಟುಕೊಂಡ ಅಳತೆ ಇದು: ಅಂಚು ಸ್ವಲ್ಪ ಉಬ್ಬಿದೆ ಅಷ್ಟೇ ಆದರೆ ಅರದಿಂದ ಉಜ್ಜಿ ಸರಿ ಮಾಡಿ ಓಡಿಸುತ್ತೇನೆ. ಹಲ್ಲಿನ ಉದ್ದದ ಮೂರನೇ ಒಂದು ಭಾಗ ಹೋಗಿದ್ದರೆ, ಇಲ್ಲವೇ ಅಕ್ಕಪಕ್ಕದ ಎರಡು ಹಲ್ಲು ಮುರಿದಿದ್ದರೆ ರಿಂಗ್ ಬದಲಿಸದೆ ಬೇರೆ ದಾರಿ ಇಲ್ಲ.

ಕೈಯಲ್ಲಿರುವ ಪಿನಿಯನ್ ಕೂಡ ಕಥೆ ಹೇಳುತ್ತದೆ. ಉಜ್ಜಿದ ಗುರುತು ಹಲ್ಲಿನ ಅರ್ಧ ಉದ್ದಕ್ಕೆ ಮಾತ್ರ ಇದ್ದರೆ ಪಿನಿಯನ್ ಪೂರ್ತಿ ಒಳಗೆ ಹೋಗುತ್ತಿಲ್ಲ. ಫೋರ್ಕ್ ಸವೆದಿದೆ ಅಥವಾ ಸೊಲೆನಾಯ್ಡ್ ಸೋತಿದೆ. ಗುರುತು ಹಲ್ಲಿನ ನೆತ್ತಿಯಲ್ಲಿ ಮಾತ್ರ ಇದ್ದರೆ ಸೆಲ್ಫ್ ರಿಂಗಿನಿಂದ ದೂರ ವಾಲಿದೆ. ಆಗ ಪಿನಿಯನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಶಾಫ್ಟಿನ ಮುಂದಿನ ತುದಿ ಹಿಡಿಯುವ ಬುಷ್ ಹೋಗಿದೆ. ಬುಷ್ ಚಿಕ್ಕ ಸಾಮಾನು, ಆದರೆ ಅದು ಸವೆದರೆ ಆರ್ಮೇಚರ್ ವಾಲಿ ಸುತ್ತಲಿನ ಕಬ್ಬಿಣದ ಕೋರಿಗೆ ಉಜ್ಜುತ್ತದೆ, ಪಿನಿಯನ್ ಅಡ್ಡ ಕೂರುತ್ತದೆ. ಹೊಸ ಬುಷ್ ಹಾಕುವ ಮೊದಲು ಅದನ್ನು ಒಂದು ರಾತ್ರಿ ಎಂಜಿನ್ ಆಯಿಲಿನಲ್ಲಿ ಮುಳುಗಿಸಿಡಬೇಕು. ಅದರ ಲೋಹದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಎಣ್ಣೆ ಕುಡಿದು ಇಟ್ಟುಕೊಳ್ಳುತ್ತದೆ. ಲೇತಿನಲ್ಲಿ ಕಡೆದ ಸಾದಾ ಹಿತ್ತಾಳೆ ಬುಷ್ ಬೇಡ, ಬೇಗ ಸವೆಯುತ್ತದೆ.

ಬೆಂಡಿಕ್ಸ್ ಹೊಸದು ತರುವಾಗ ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಪಕ್ಕಪಕ್ಕ ಇಟ್ಟು ನೋಡಿ. ಹಲ್ಲಿನ ಎಣಿಕೆ, ಸುತ್ತಳತೆ, ಒಟ್ಟು ಉದ್ದ ಮೂರೂ ಒಂದೇ ಇರಬೇಕು. ಒಂದು ಹಲ್ಲು ಹೆಚ್ಚು ಕಡಿಮೆ ಇದ್ದರೂ ಶಾಫ್ಟಿಗೆ ಕೂರುತ್ತದೆ, ರಿಂಗಿಗೆ ಕೂರುವುದಿಲ್ಲ. ಹೋದ ಸಲ ತಪ್ಪು ಬೆಂಡಿಕ್ಸ್ ಬಿದ್ದಿರುವ ಸಾಧ್ಯತೆಯನ್ನೂ ತಳ್ಳಿಹಾಕಬೇಡಿ. ಇನ್ನೊಂದು ಮಾತು, ಬೆಂಡಿಕ್ಸನ್ನು ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯಲು ಬಿಡಬೇಡಿ. ಅದರ ಕ್ಲಚ್ಚಿನೊಳಗೆ ಕಂಪನಿಯೇ ತುಂಬಿದ ಗ್ರೀಸ್ ಇರುತ್ತದೆ. ಅದು ತೊಳೆದುಹೋದರೆ ಮತ್ತೆ ತುಂಬಲು ಆಗುವುದಿಲ್ಲ, ಸ್ವಲ್ಪ ದಿನದಲ್ಲೇ ಕ್ಲಚ್ ಜಾರುತ್ತದೆ ಅಥವಾ ಕಚ್ಚಿಕೊಳ್ಳುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು. ಶಾಫ್ಟಿನ ಓರೆ ತೋಡುಗಳಿಗೂ ಗ್ರೀಸ್ ಮೆತ್ತಬೇಡಿ. ಕ್ಲಚ್ ಪ್ಲೇಟಿನ ಪುಡಿ ಅಲ್ಲಿ ಹಾರಾಡುತ್ತಿರುತ್ತದೆ, ಗ್ರೀಸಿಗೆ ಅಂಟಿ ಕಲ್ಲಾಗುತ್ತದೆ, ಬೆಂಡಿಕ್ಸ್ ಜರುಗುವುದಿಲ್ಲ. ಬೆರಳಿಗೆ ಅಂಟಿದಷ್ಟು ತೆಳುವಾಗಿ ಸವರಿ.

ವಿಡಿಯೊಗಳಲ್ಲಿ ಸೆಲ್ಫಿನ ಕೆಳಗೆ ತಗಡಿನ ಶಿಮ್ ಕೊಟ್ಟು ಸದ್ದು ನಿಲ್ಲಿಸೋದನ್ನು ನೋಡಿರಬಹುದು. ಅದು ಅಮೆರಿಕದ ಕೆಲವು ಹಳೆಯ ಗಾಡಿಗಳ ಪದ್ಧತಿ. ಅವುಗಳಲ್ಲಿ ಸೆಲ್ಫನ್ನು ಎಂಜಿನ್ ಬ್ಲಾಕಿನ ತಳಕ್ಕೆ ಕೆಳಗಿನಿಂದ ಬೋಲ್ಟ್ ಮಾಡಿರುತ್ತಾರೆ. ನಮ್ಮ ಲಾರಿಗಳಲ್ಲಿ ಸೆಲ್ಫಿನ ಮೂತಿ ಫ್ಲೈವೀಲ್ ಹೌಸಿಂಗಿನ ದುಂಡು ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ, ದೂರ ಅಲ್ಲೇ ತೀರ್ಮಾನ ಆಗಿರುತ್ತದೆ. ಶಿಮ್ ಕೊಟ್ಟರೆ ಪಿನಿಯನ್ ಒಳಗೆ ಹೋಗುವ ಆಳ ಕಡಿಮೆಯಾಗಿ ತೊಂದರೆ ಜಾಸ್ತಿ ಆಗುತ್ತದೆ. ಕೂರುವ ಮುಖದ ತುಕ್ಕು, ಬಣ್ಣ, ಮಣ್ಣು ಕೆರೆದು ಬರಿಯ ಲೋಹ ಕಾಣುವಂತೆ ಮಾಡಿ ಕೂರಿಸಿ. ಸೆಲ್ಫಿಗೆ ಅರ್ತ್ ಸಿಗೋದೂ ಆ ಮುಖದಿಂದಲೇ.

ರಿಂಗ್ ಹೋಗಿದೆ ಅಂತ ಖಾತ್ರಿಯಾದರೆ ಗೇರ್‌ಬಾಕ್ಸ್ ಇಳಿಸಬೇಕು ಅಂದವರ ಮಾತು ಸರಿ. ರಿಂಗಿನ ಬೆಲೆಗಿಂತ ಕೂಲಿಯೇ ಜಾಸ್ತಿ ಬೀಳುತ್ತದೆ. ಹಾಗಾಗಿ ಒಂದೇ ಸಲ ಇಳಿಸಿ, ಕ್ಲಚ್ ಪ್ಲೇಟ್, ಪೈಲಟ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎಲ್ಲ ನೋಡಿಸಿಬಿಡಿ. ಕ್ಲಚ್ ಕೆಲಸ ಎರಡು ಮೂರು ತಿಂಗಳಲ್ಲಿ ಬರುವ ಹಾಗಿದ್ದರೆ, ಅಂಚು ಅರದಲ್ಲಿ ಉಜ್ಜಿಸಿಕೊಂಡು ಅಲ್ಲಿಯವರೆಗೆ ದೂಡಬಹುದು. ಪುಲ್ಲಿ ತಿರುಗಿಸಿ ಒಳ್ಳೆಯ ಹಲ್ಲಿಗೆ ತಂದು ಸ್ಟಾರ್ಟ್ ಮಾಡುವ ಉಪಾಯವಂತೂ ಈಗ ನಿಮಗೆ ಗೊತ್ತಾಯಿತಲ್ಲ.

ರಿಂಗ್ ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ. ಹೊಸ ರಿಂಗನ್ನು ಸುತ್ತಲೂ ಸಮವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದರೆ ಅದು ಹಿಗ್ಗಿ ಫ್ಲೈವೀಲ್ ಮೇಲೆ ಕೂರುತ್ತದೆ, ಆರಿದ ಮೇಲೆ ಕಚ್ಚಿಕೊಳ್ಳುತ್ತದೆ. ಗ್ಯಾಸ್ ಕಟ್ಟರಿನಿಂದ ಒಂದೇ ಕಡೆ ಕಾಯಿಸಿ ನೀಲಿ ಬಣ್ಣ ಬರಿಸಿದರೆ ಹಲ್ಲಿನ ಗಡಸುತನ ಹೋಯಿತು ಅಂತಲೇ ಲೆಕ್ಕ. ಒಣಹುಲ್ಲಿನ ಬಣ್ಣಕ್ಕೆ ನಿಲ್ಲಿಸಬೇಕು. ಬೇಗ ಆರಲಿ ಅಂತ ನೀರು ಹಾಕಬಾರದು. ಹಲ್ಲಿನ ಇಳಿಜಾರು ಕೆತ್ತಿದ ಅಂಚು ಸೆಲ್ಫ್ ಬರುವ ಕಡೆಗೇ ಇರಬೇಕು. ಉಲ್ಟಾ ಕೂರಿಸಿದ ರಿಂಗ್ ನಾನು ನೋಡಿದ್ದೇನೆ, ಮೊದಲ ದಿನದಿಂದಲೇ ಸದ್ದು. ಹಳೆಯ ರಿಂಗನ್ನೇ ಕಾಯಿಸಿ ತೆಗೆದು ಸ್ವಲ್ಪ ತಿರುಗಿಸಿ ಕೂರಿಸಿ ಕೊಡ್ತೀನಿ ಅಂತ ಯಾರಾದರೂ ಹೇಳಬಹುದು. ಹಿಂದೆ ಸಾಮಾನು ಸಿಗದ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಗೇರ್‌ಬಾಕ್ಸ್ ಇಳಿಸಿದ ಕೂಲಿ ಕೊಟ್ಟ ಮೇಲೆ ಹಳೆಯ ರಿಂಗ್ ಹಾಕಿಸೋದು ನನಗೆ ಒಪ್ಪಿಗೆ ಇಲ್ಲ. ಹೊಸ ರಿಂಗ್ ಜೊತೆಗೆ ಹೊಸ ಬೆಂಡಿಕ್ಸನ್ನೂ ಹಾಕಿಸಿ. ಈಗಿರುವ ಬೆಂಡಿಕ್ಸಿನ ಹಲ್ಲು ಆರು ತಿಂಗಳು ಸವೆದ ರಿಂಗಿಗೆ ಉಜ್ಜಿದೆ, ಅದು ಹೊಸ ರಿಂಗನ್ನು ಕೆಡಿಸುತ್ತದೆ. ಸೆಲ್ಫ್ ಪೂರ್ತಿ ಹೊಸದು ಬೇಕಾಗಿರೋದು ಆರ್ಮೇಚರ್ ಉಜ್ಜಿದ್ದರೆ, ಸುಟ್ಟಿದ್ದರೆ ಅಥವಾ ಮೂತಿಯ ಹೌಸಿಂಗ್ ಬಿರುಕು ಬಿಟ್ಟಿದ್ದರೆ ಮಾತ್ರ.

ಹೊಸದು ಹಾಕಿದ ಮೇಲೆ ನಿಮ್ಮ ಕೈಯಲ್ಲಿರುವ ಒಂದು ವಿಷಯ ಇದೆ. ಮೊದಲ ಸಲಕ್ಕೆ ಎಂಜಿನ್ ಹಿಡಿಯದಿದ್ದರೆ ಅದು ಪೂರ್ತಿ ನಿಲ್ಲುವ ತನಕ ಕಾಯಿರಿ. ಎಂಜಿನ್ ನಿಲ್ಲುವಾಗ ಕಂಪ್ರೆಷನ್ನಿಗೆ ಸಿಕ್ಕಿ ಸ್ವಲ್ಪ ಹಿಂದಕ್ಕೆ ತಿರುಗುತ್ತದೆ. ಆಗಲೇ ಕೀ ತಿರುಗಿಸಿದರೆ ಪಿನಿಯನ್ ಹೋಗಿ ಓಡುವ ರಿಂಗಿಗೆ ಹೊಡೆಯುತ್ತದೆ. ಕೀ ಬಿಟ್ಟು ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ. ಎರಡು ಮೂರು ಸಲಕ್ಕೂ ಹಿಡಿಯದಿದ್ದರೆ ಒಂದೆರಡು ನಿಮಿಷ ಬಿಡಿ, ಸೆಲ್ಫ್ ತಣ್ಣಗಾಗಲಿ. ದಿನಾ ಬೆಳಿಗ್ಗೆ ಬಹಳ ಹೊತ್ತು ಹೊಡೆಯಬೇಕಾಗುತ್ತಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರುತ್ತಿದೆಯಾ ನೋಡಿಸಿ.

ಕೊನೆಗೆ ಇಳಿಜಾರಿನಲ್ಲಿ ನಿಲ್ಲಿಸುವ ವಿಷಯ. ದಯವಿಟ್ಟು ಅದನ್ನು ಬಿಡಿ. ನಿಮ್ಮದು ಏರ್ ಬ್ರೇಕ್ ಗಾಡಿ. ರಾತ್ರಿ ನಿಂತರೆ ಟ್ಯಾಂಕಿನ ಗಾಳಿ ಇಳಿದಿರುತ್ತದೆ. ಉರುಳಿಸಲು ಹೊರಟು ಎಂಜಿನ್ ಹಿಡಿಯದೇ ಹೋದರೆ ಬ್ರೇಕಿಗೆ ಗಾಳಿ ಸಾಲದು, ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ, ಹಿಂದೆ ಲೋಡ್ ಬೇರೆ. ಹಾಗೆಯೇ ಲಾರಿ ಕೆಳಗೆ ನುಗ್ಗಿ ಸ್ಕ್ರೂ ಡ್ರೈವರಿನಿಂದ ಸೊಲೆನಾಯ್ಡಿನ ಎರಡು ಬೋಲ್ಟ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಹಿಡಿದ ಕ್ಷಣ ಚಕ್ರ ಮುಂದಕ್ಕೆ ಬರುತ್ತದೆ. ಆ ಚಕ್ರದ ಮುಂದೆ ಇರೋದು ನೀವೇ.

ಪರೀಕ್ಷೆ ಮಾಡಿ ಮೂರು ದಿನದ ಲೆಕ್ಕ ಬರೆದಿಟ್ಟುಕೊಳ್ಳಿ: ಸದ್ದು ಬಂದಾಗ ಚಾಕ್ ಗೆರೆ ಎಲ್ಲಿತ್ತು, 60 ಡಿಗ್ರಿ ತಿರುಗಿಸಿದ ಮೇಲೆ ಏನಾಯಿತು, ಎರಡು ಬ್ಯಾಟರಿಯ ವೋಲ್ಟ್ ಎಷ್ಟು, ಅರ್ತ್ ಕಡೆ ಎಷ್ಟು. ಆ ಕಾಗದ ಹಿಡಿದುಕೊಂಡೇ ಗ್ಯಾರೇಜಿಗೆ ಹೋಗಿ. ಅನುಮಾನ ಉಳಿದರೆ ಅದೇ ಲೆಕ್ಕವನ್ನು ನನಗೂ ಬರೆದು ಕಳಿಸಿ.